ಮೊದಲ ಟೊಂಗಿ

…ಇಲ್ಲವ್ವಾ, ಸಿಟ್ಟೇನಿಲ್ಲ. ಅಣ್ಣನ ಮಗಳ ಮ್ಯಾಲೆ ಸಿಟ್ಟ ಇಟ್ಟಕೊಂಡ್ರ ನಮ್ಮ ಮನಿದೇವರು ಬೀರಪ್ಪ ಮೆಚ್ಚತಾನೇನು? ಮೊಣಕಾಲ ಹಿಡದಿತ್ತು, ನಿನ್ನ ಮದುವಿಗಿ ಬರೂದಾಗಲಿಲ್ಲ. ಅಷ್ಟ. ಕುಂದ್ರು ಪ್ರಜ್ಞಾ. ನಿನ್ನಿ ಅಕ್ಕಿಕಾಳ ಬಿದ್ದ ಮದುಮಗಳು, ಹೊಸ್ತಿಲದಾಗ ನಿಂದರಬಾರದು.

ಅತ್ತಾಗ ಏನ ನೋಡತಿ? ಅದು… ಮಾವಿನ ಟೊಂಗಿ. ದೇವರ ಜಗಲಿ ಬರಿದ ಕಾಣತಿತ್ತು, ಇಟ್ಟೇನಿ. ಅರಿಷಿಣದ ಅರಿಬಿ? ಹಂಗ ಸುಮ್ನ ಸುತ್ತಿದ್ದು. ಚಾ ಕುಡಿ. ನಗತಿ ಯಾಕ? ಬೆಲ್ಲದ್ದ ಐತಿ. ಇನ್ಮ್ಯಾಲೆ ಗಂಡನ ಮನ್ಯಾಗ ನಿನಗ ಸಕ್ರಿ ಚಾನ.

ಮದುವಿ ಹಂದರ ಬಿಚ್ಚಾಕ ಕರ್ಯಾಕ ಬಂದಿ, ತಿಳೀತು. ನಿಮ್ಮಪ್ಪ ತಾ ಬರೂದ ಬಿಟ್ಟು ನಿನ್ನ ಕಳಿಸ್ಯಾನ. ನಮ್ಮಣ್ಣ ಭೀಮಶಿಗಿ ಗೊತ್ತೈತಿ, ನಿನಗ ನಾ ಇಲ್ಲ ಅನ್ನಾಕಿ ಅಲ್ಲ ಅಂತ. ನಮ್ಮ ಮನಿತನದಾಗ ಹಂದರಕ್ಕ ಮೊದಲ ಟೊಂಗಿ ಸೋದರತ್ತಿ ಕಟ್ಟಬೇಕು, ಆಮ್ಯಾಲೆ ಮಗಳಿಗಿ ಅರಿಷಿಣ. ಮದುವಿ ಮುಗದ ಮ್ಯಾಲೆ ಆಕಿನ ಬಿಚ್ಚಬೇಕು. ಬಿಚ್ಚೂತನಕ ಮಗಳು ಗಂಡನ ಮನಿಗಿ ಹೊಂಡೂಹಂಗಿಲ್ಲ. ಕಟ್ಟೂದಂತೂ ತಪ್ಪಿತು, ಬಿಚ್ಚೂದರ ಮಾಡಲಿ ಅಂದ್ರೇನು ಹಿರ್ಯಾರು? …ಹೂಂ.

ನೀನ ಫೋನ್ ಮಾಡಿದ್ದಿಯಲ್ಲ. "ಅತ್ತೀ, ಮದುವಿ ಕಾರ್ಯಾಲಯ ತುಂಬ ಹಸರ ಬೇಕು, ನಿನ್ನ ತ್ವಾಟನ ಬರಬೇಕು" ಅಂತ. ಎಷ್ಟ ಹಿಗ್ಗಿದ್ದೆ ಆವತ್ತು. ಒಂದೊಂದ ಗಿಡಕ್ಕೂ ದೇವರ ಅರಿಷಿಣದ ಭಂಡಾರ ಹಚ್ಚಿ, "ಯಪ್ಪಾ ಬೀರಪ್ಪಾ, ಮಗಳ ಹಂದರಕ್ಕ ಕಡಿತೇನಿ, ತಡಕೋ" ಅಂತ ಬೇಡಿಕೊಂಡ ಕಡದೆ. ಬಾಳಿಗಿಡ, ತೆಂಗಿನ ಗರಿ, ಕಬ್ಬು, ಮಾವಿನ ತೊಪ್ಪಲ. ಮಗ್ಗಲ ಮನಿ ಕಾಡಪ್ಪ ತನ್ನ ಗಾಡ್ಯಾಗ ಹೇರಿಕೊಂಡು, "ಶಟ್ಟೆವ್ವಾ, ತ್ವಾಟಾನ ರಾಮದುರ್ಗಕ್ಕ ಹೊಂಟೈತಿ. ನಾಳಿ ಸಾಲಹಳ್ಳ್ಯಾಗ ನೀ ಏನ ಕಾಯ್ತಿ?" ಅಂತ ಚಾಷ್ಟಿ ಮಾಡಿದ.

ಮೊದಲ ಟೊಂಗಿ ಮಾತ್ರ ಗಾಡ್ಯಾಗ ಹಾಕಲಿಲ್ಲ. ಅದು ನೆಲಾ ಮುಟ್ಟಬಾರದು, ಕಟ್ಟಾಕಿ ಉಡ್ಯಾಗ ಇಟ್ಟಕೊಂಡ ಒಯ್ಯಬೇಕು. ಅಷ್ಟರಾಗ… ಮೊಣಕಾಲ ಹಿಡೀತು. ಉಳದೆ.

ಮಂಟಪ ಛಂದ ಇತ್ತು ಬಿಡು. ಪ್ಲಾಸ್ಟಿಕ್ ಎಲಿ ಆದ್ರೇನು, ಹಸರ ಹಸರ. ಬಾಡೂದಿಲ್ಲ, ಇರವಿ ಏರೂದಿಲ್ಲ. ಬೀಗರಿಗಿ ಅದ ಬೇಕಿತ್ತಂತ. ನಾ ಫೋಟೋದಾಗ ನೋಡಿದೆ, ಕಾಡಪ್ಪನ ಮೊಬೈಲಿನ್ಯಾಗ. ನನ್ನ ಬಾಳಿಗಿಡ ಅಡಗಿ ಮನಿ ಹಿಂದ ಬಿದ್ದಿದ್ದು, ಎರಡ ಆಕಳ ಮೇಯಾಕ ಹತ್ತಿದ್ದು. ಮೇಯಲಿ, ಆಕಳ ಹೊಟ್ಟಿನೂ ದೇವರದ್ದ. ಆದ್ರ ಕಬ್ಬಿನ ಮ್ಯಾಲೆ ಮುಸರಿ ನೀರ ಚೆಲ್ಲಿದ್ರಲ್ಲವ್ವಾ… ಆ ನಾತ ಗೇಟಿನ ತನಕ ಬಡೀತಿತ್ತು…

…ಫೋಟೋದಾಗ ನಾತ ಹೆಂಗ ಬಂತು ಅತ್ತೀ ಅಂತ ಕೇಳವಲ್ಲಿ ನೀ.

ಯಾಕ ಕೇಳವಲ್ಲಿ? ಸಣ್ಣಾಕಿದ್ದಾಗ ನಾ ಒಂದ ಮಾತಾಡಿದ್ರ ಹತ್ತ ಕೇಳಾಕಿ. ಬಂದಾಗಿಂದ, ಮೊಣಕಾಲ ಹೆಂಗೈತಿ ಅಂತನೂ ಕೇಳಲಿಲ್ಲ. ತಲಿ ಎತ್ತು ಪ್ರಜ್ಞಾ. ಇತ್ತ ನೋಡು.

ನೋಡಿದ್ದಿ ನೀ.

ಮೊನ್ನಿ ಕಾರ್ಯಾಲಯದ ಗೇಟಿನ ಹಂತ್ಯಾಕ, ಉಡ್ಯಾಗ ಟೊಂಗಿ ಇಟ್ಟಕೊಂಡ ನಿಂತಿದ್ದೆ. ನೀ ಅರಿಷಿಣಕ್ಕ ಮಣಿ ಮ್ಯಾಲೆ ಕುಂತು ಇತ್ತ ಹೊಳ್ಳಿದಿ. ಒಂದ ಗಳಿಗಿ. ಆಮ್ಯಾಲೆ ಮಾರಿ ತಿರುವಿ ಬೀಗತಿ ಕೂಡ ಮಾತಿಗಿ ಹತ್ತಿದಿ. ವಿಡಿಯೋದವನ ಬೆಳಕ ಕಣ್ಣಿಗಿ ಬಡದಿರತೈತಿ, ಕೂಸಿಗಿ ನನ್ನ ಗುರ್ತ ಹತ್ತಿಲ್ಲ ಅಂತ ಮಾಡಿದೆ. ಬಸ್ಸಿನ್ಯಾಗ ಅದನ್ನ ಅನಕೋತ ಬಂದೆ. ಇಲ್ಲಿ ಜಗಲಿ ಮುಂದ ಕುಂತು ಬೀರಪ್ಪಗೂ ಅದನ್ನ ಹೇಳೇನಿ: ಆಕಿ ನೋಡಿಲ್ಲ ಯಪ್ಪಾ, ನೋಡಿದ್ರ ಎದ್ದ ಬರತಿದ್ದಳು. ದೇವರ ಮುಂದ ನನ್ನ ಕಡೆ ಸುಳ್ಳ ಹೇಳಿಸಿದಿಯಲ್ಲವ್ವಾ.

ಇಲ್ಲ ಅನ್ನು. ಒಂದ ಸಲ ಇಲ್ಲ ಅತ್ತೀ ಅನ್ನು, ನಾ ನಂಬತೇನಿ.

ಕಣ್ಣ ಒರಿಸ್ಕೋ. ಮದುಮಗಳು ಅಳಬಾರದು. ಬಾ, ಹಣಿಗಿ ಭಂಡಾರ ಹಚ್ಚತೇನಿ. ಬೀರಪ್ಪ ನಿನ್ನ ಚಲೋ ಇಡಲಿ. ಇದು ಸುಳ್ಳಲ್ಲ, ಮನಸಿನಿಂದ ಬೇಡತೇನಿ. ಚಾ ಆರೇತಿ, ಬಿಡು.

ಹಂದರ ಬಿಚ್ಚಾಕ ಮಾತ್ರ ಕರೀಬ್ಯಾಡ. ನಾ ಕಟ್ಟಿದ ಗಂಟ ಅಲ್ಲಿ ಒಂದೂ ಇಲ್ಲ.