ಜೋಡಿಸಿಟ್ಟ ತಟ್ಟೆಗಳು

ಮಲೇಷ್ಯಾದ ಪೆಟಾಲಿಂಗ್ ಜಯಾದ ಲಸಿಕೆ ಕೇಂದ್ರದಲ್ಲಿ ಸೂಜಿ ಚುಚ್ಚಿಸಿಕೊಂಡವರು ಕಾಲು ಗಂಟೆ ಕೂತೇ ಹೋಗಬೇಕಿತ್ತು. ಕುರ್ಚಿಗಳನ್ನು ದೂರ ದೂರ ಇಟ್ಟಿದ್ದರಿಂದ ಮಾಸ್ಕಿನೊಳಗಿಂದ ಎಲ್ಲರೂ ಕೂಗಿಯೇ ಮಾತಾಡುತ್ತಿದ್ದರು. ಹಾಗಾಗಿ ಮುಂದಿನ ಸಾಲಿನ ಕನ್ನಡ ಹಿಂದೆ ಕೂತಿದ್ದ ನವ್ಯಾಳ ಕಿವಿಗೆ ಬೇಡವೆಂದರೂ ಬಿತ್ತು. ಕೂಗುತ್ತಿದ್ದವನು ಕ್ಲಾಂಗ್ ಬಂದರಿನಲ್ಲಿ ಹಡಗಿನ ಸಿಬ್ಬಂದಿಯನ್ನು ಹತ್ತಿಸಿ ಇಳಿಸುವ ಏಜೆಂಟ್ ಓಸ್ವಾಲ್ಡ್. ಕೇಳುತ್ತಿದ್ದವಳು ಹಡಗಿನ ಇಂಜಿನಿಯರೊಬ್ಬನ ತಂಗಿ ನಿಖಿತಾ.

“ನಿನ್ನೆ ಒಂದು ಡಾಕ್ಯುಮೆಂಟರಿ ನೋಡಿದೆ ಮಾರಾಯ್ತಿ. ಧ್ರುವ ಪ್ರದೇಶಕ್ಕೆ ಹೋಗಿ ಮಂಜುಗಡ್ಡೆಯಲ್ಲಿ ಮುಳುಗಿದ ಹಡಗನ್ನು ನೂರೈವತ್ತು ವರ್ಷ ಆದ್ಮೇಲೆ ಹುಡುಕಿದ್ರು!”

“ನಮ್ಮಣ್ಣನ ಹಡಗು ಸಿಕ್ತಾ ಅಂಕಲ್?”

“ಅದು ಕಳೆದೇ ಹೋಗ್ಲಿಲ್ಲಲ್ಲ. ಬಂದರಿನ ಹೊರಗೆ ಲಂಗರು ಹಾಕಿ ನಿಂತುಂಟು. ನಮ್ಮ ಆಫೀಸಿನ ಕಿಟಕಿಯಿಂದ ಕಾಣ್ತದೆ.”

“ಕಾಣತ್ತಲ್ಲ, ಅವನನ್ನ ಇಳಿಸಿ ಮತ್ತೆ. ಅವನ ಕಾಂಟ್ರಾಕ್ಟ್ ಮುಗಿದು ಆರು ತಿಂಗಳಾಯ್ತು.”

“ಅವನ ಜಾಗಕ್ಕೆ ಬದಲಿ ಇಂಜಿನಿಯರ್ ಬರ್ಬೇಕು, ಇಳಿಲಿಕ್ಕೆ ಪರ್ಮಿಟ್ ಆಗ್ಬೇಕು. ಕೋವಿಡ್ ಅಲ್ವಾ!”

“ಆ ಮುಳುಗಿದ ಹಡಗು ಹುಡುಕೋಕೆ ಯಾರ್ಯಾರು ಹೋಗಿದ್ರು?”

“ದೊಡ್ಡ ದೊಡ್ಡ ವಿಜ್ಞಾನಿಗಳು, ಹೆಲಿಕಾಪ್ಟರು, ನೀರೊಳಗೆ ಇಳಿಯುವ ರೋಬೋಟ್. ಊಟದ ತಟ್ಟೆ ಸಹ ಶೆಲ್ಫಲ್ಲಿ ಜೋಡಿಸಿದ ಹಾಗೇ ಇತ್ತು. ನಂಗೆ ಕಣ್ಣಲ್ಲಿ ನೀರು ಬಂತು.”

“ಸತ್ತವರಿಗೆ ಕಣ್ಣೀರು ಹಾಕ್ತೀರಿ. ಬದುಕಿರೋನು ಫೋನ್ ಮಾಡಿದ್ರೆ ಎತ್ತಲ್ಲ.”

“ಎತ್ತಿ ಎಂತ ಹೇಳುದು?”

ಸ್ವಯಂಸೇವಕಿ ಬಂದು ಆ ಸಾಲಿನವರು ಹೋಗಬಹುದೆಂದು ಕೈ ತೋರಿಸಿದಳು. ಓಸ್ವಾಲ್ಡ್ ತೋಳು ನೀವಿಕೊಳ್ಳುತ್ತ ಎದ್ದ.

“ಲಿಂಕ್ ಕಳಿಸ್ಲಾ? ಚೆಂದ ಉಂಟು.”

“ಅಣ್ಣನಿಗೇ ಕಳಿಸಿ. ತಟ್ಟೆ ಹೇಗೆ ಜೋಡಿಸಿಡ್ಬೇಕು ಅಂತ ಈಗ್ಲೇ ಕಲಿತ್ಕೊಳ್ಳಲಿ.”

ನಿಖಿತಾ ಹೊರಬಾಗಿಲ ಕಡೆ ನಡೆದಳು. ಓಸ್ವಾಲ್ಡ್ ಇನ್ನೊಂದು ಬಾಗಿಲು ಹುಡುಕಿಕೊಂಡು ಹೋದ.