ವನಜಾಕ್ಷಿ ಹೇಳಿದ ಕೊನೆ

ಇಂದಿನ ಸಭೆಯ ಅಧ್ಯಕ್ಷರಾದ ಚೌಡೇಶ್ವರಿ ಮೇಡಂ ಅವರೇ, ಮಧ್ಯಾಹ್ನದ ಊಟದ ಖರ್ಚು ಹೊತ್ತು ಮುಖ್ಯ ಅತಿಥಿಗಳಾಗಿ ಕೂತಿರುವ ನಮ್ಮ ಬೀಗರಾದ ಬೈಲಪ್ಪನವರೇ, ಚನ್ನಗಿರಿ ಓದುಗರ ಬಳಗದ ಸದಸ್ಯರೇ, ಹೊನ್ನಾಳಿಯಿಂದ, ಜಗಳೂರಿನಿಂದ ಬಸ್ಸು ಹತ್ತಿ ಬಂದಿರುವ ಸಭಿಕರೇ,

ನನ್ನ ಹೆಸರು ತಿಪ್ಪೇಶಪ್ಪ. ಸವಳಂಗದಲ್ಲಿ ಹಿಟ್ಟಿನ ಗಿರಣಿ ಇಟ್ಟುಕೊಂಡಿದ್ದೇನೆ. ನನಗೆ ಈ ಮೈಕು ಬೇಕಾಗಿಲ್ಲ, ಗಿರಣಿ ಸದ್ದಿನ ಮೇಲೆ ಕೂಗಿ ಕೂಗಿ ಗಂಟಲು ಹಾಗೇ ನಿಂತುಬಿಟ್ಟಿದೆ. ಊಟ ಆಯ್ತಾ ಅಂತ ಹೆಂಡತಿಯನ್ನು ಕೇಳಿದರೂ ಪಕ್ಕದ ಮನೆಯವರು ಜಗಳ ಬಿಡಿಸಲು ಬರುತ್ತಾರೆ. ನಗಿ, ನಗಿ. ಮುಂದೆ ನಗುವಂಥದ್ದು ಏನೂ ಇಲ್ಲ.

ಈ ಶಾಲು ನನ್ನದಲ್ಲ. ವರ್ಷದ ಓದುಗರು ಅಂತ ನೀವು ಆರಿಸಿದ್ದು ನನ್ನ ಹಿರಿಮಗಳು ವನಜಾಕ್ಷಿಯನ್ನು. ಅವಳನ್ನು ಬೈಲಪ್ಪನವರ ಮಗ ಓಬಳೇಶನಿಗೆ ಕೊಟ್ಟಿದ್ದೆ, ಸೂಳೆಕೆರೆ ದಂಡೆಯ ಊರಿಗೆ. ಕಳೆದ ಶ್ರಾವಣದಲ್ಲಿ ತೀರಿಕೊಂಡಳು. ಬಟ್ಟೆ ಒಗೆಯಲು ಹೋದವಳು ಕಾಲು ಜಾರಿ ಕೆರೆಗೆ ಬಿದ್ದಳು ಅಂದರು. ನಾವೂ ಹಾಗೇ ಅಂದೆವು.

ಕಿರಿಯವಳು ಸುನೀತಾ ಅಲ್ಲಿ ಕೂತಿದ್ದಾಳೆ, ತೊಡೆಯ ಮೇಲೆ ಅಕ್ಕನ ಮಗು. ಮಗುವಿಗೆ ತಾಯಿ ಬೇಕು, ಸಂಬಂಧ ಮುರಿಯಬಾರದು ಅಂತ ಹಿರಿಯರೆಲ್ಲ ಕೂಡಿ, ಅವಳನ್ನೂ ಓಬಳೇಶನಿಗೇ ಕೊಡುವುದೆಂದು ಮಾತಾಗಿದೆ. ಊಟ ಮುಗಿಸಿ ನೇರ ಬೀಗರ ಮನೆಗೆ ಹೋಗಿ ಎಲೆ ಅಡಿಕೆ ಬದಲಾಯಿಸಬೇಕು. ಸೀರೆ, ತೆಂಗಿನಕಾಯಿಯ ಚೀಲ ಅವಳ ಕಾಲ ಬಳಿಯೇ ಇದೆ. ಸುನೀತಾ ಏನಂದಳು ಅಂತ ಕೇಳುತ್ತೀರಾ? ಸೀರೆಯನ್ನು ತಾನೇ ಮಡಚಿ ಚೀಲಕ್ಕಿಟ್ಟಳು. ಹೇಳಿದ ಮಾತು ಕೇಳುವ ಹುಡುಗಿ.

ಇರಲಿ, ಕಾದಂಬರಿಗೆ ಬರೋಣ. "ನಿಮ್ಮ ಮಗಳು ಕೊನೇಲಿ ಓದಿದ್ದನ್ನ ನೀವೂ ಓದ್ಕಂಡು ಬಂದು ನಾಲ್ಕು ಮಾತು ಹೇಳ್ರಿ" ಅಂತ ಮೇಡಂ ಅಪ್ಪಣೆ ಮಾಡಿದ್ದರು. ನಾನು ಜೀವಮಾನದಲ್ಲಿ ಓದಿದ್ದೆಂದರೆ ಮಂಡಕ್ಕಿ ಕಟ್ಟಿಕೊಟ್ಟ ಪೇಪರು. ಆದರೂ ಗೋಧಿ ಚೀಲದ ಮೇಲೆ ಕೂತು ಪೂರ್ತಿ ಓದಿದೆ. ಬರೆದವರಿಗೆ ಬೇಸರವಾದೀತು, ಪುಸ್ತಕದ ಹೆಸರು ಹೇಳುವುದಿಲ್ಲ. ನನಗಂತೂ ಮೈಯೆಲ್ಲ ಉರಿಯಿತು.

ಕಥೆ ಇಷ್ಟೇ. ಒಬ್ಬಳು ಹೆಣ್ಣುಮಗಳು. ಗಂಡ ಹೊಡೆಯುತ್ತಾನೆ. ಮಗುವನ್ನು ಎತ್ತಿಕೊಂಡು ತವರಿಗೆ ಬರುತ್ತಾಳೆ. ಬೆನ್ನ ಮೇಲೆ ಬಾಸುಂಡೆ ಎದ್ದಿವೆ. ಅಪ್ಪನೆಂಬ ಆ ಮಹಾಶಯ ಏನು ಮಾಡುತ್ತಾನೆ? ಕೊಟ್ಟ ಹೆಣ್ಣು ಕುಲಕ್ಕೆ ಹೊರಗು ಅಂತ ಗಾದೆ ಹೇಳಿ, ಮಡಿಲಕ್ಕಿ ತುಂಬಿಸಿ ವಾಪಸು ಕಳಿಸುತ್ತಾನೆ! ಅವನೊಬ್ಬ ಅಪ್ಪನೇ? ಅವನಿಗೊಂದು ಕರುಳು ಬೇಡವೇ? ಎದುರಿಗೆ ಸಿಕ್ಕಿದ್ದರೆ ಕಪಾಳಕ್ಕೆ ಬಾರಿಸುತ್ತಿದ್ದೆ.

ನಮ್ಮಲ್ಲಿ ಹಾಗಲ್ಲ. ವನಜಾಕ್ಷಿ ಯುಗಾದಿಗೆ ಬಂದಾಗ ಮೊಣಕೈವರೆಗೆ ಬಳೆ ಹಾಕಿಕೊಂಡು ಬಂದಿದ್ದಳು. ಅವಳ ಅವ್ವ ಬಳೆ ಸರಿಸಿ ನೋಡಿ ಒಳಗೆ ಹೋಗಿ ಅತ್ತಳು. ನಾನು ನೋಡಲಿಲ್ಲ. ಅದೆಲ್ಲ ಹೆಂಗಸರ ವಿಷಯ, ನಾವು ನೋಡುತ್ತೇವೆಯೇ? "ಹೊಂದ್ಕಂಡು ಹೋಗವ್ವ, ಎಲ್ಲಾ ಸರಿ ಹೋಗ್ತೈತೆ" ಅಂತ ಸಮಾಧಾನವಾಗಿ ಹೇಳಿ ನಾನೇ ಬಸ್ಸು ಹತ್ತಿಸಿದೆ. ಮಡಿಲಕ್ಕಿಗೆ ಸೋನಾಮಸೂರಿ ಹಾಕಿಸಿದ್ದೆ, ರೇಷನ್ ಅಕ್ಕಿ ಅಲ್ಲ.

ನೀರು... ಬೇಡ, ಇರಲಿ. ಮುಂದೆ ಹೇಳುತ್ತೇನೆ.

ನಿಮ್ಮ ಬಳಗದ ಪದ್ಧತಿ ನಿಮಗೇ ಗೊತ್ತು. ಇರುವುದು ಒಂದೇ ಪ್ರತಿ. ಓದಿದವರು ಭಾನುವಾರ ಇಲ್ಲಿ ನಿಂತು ಕಥೆ ಹೇಳಿ, ಹೇಗಿದೆ ಅಂತ ಹೇಳಿ, ಮುಂದಿನವರಿಗೆ ದಾಟಿಸಬೇಕು. ಈ ಪುಸ್ತಕ ಮೊದಲು ಸಿಕ್ಕಿದ್ದು ವನಜಾಕ್ಷಿಗೆ. ಅವಳು ಇಲ್ಲಿ ಮಾತಾಡಿದಳು, ಪುಸ್ತಕವನ್ನು ಮಾತ್ರ ಯಾರಿಗೂ ದಾಟಿಸಲಿಲ್ಲ. ಅವಳು ಹೋದ ಮೇಲೆ ಅವಳ ಸೀರೆಗಳ ಜೊತೆ ಟ್ರಂಕಿನಲ್ಲಿ ನಮ್ಮ ಮನೆಗೆ ಬಂತು. ಅವಳು ಮಾತಾಡಿದ್ದನ್ನು ಮೇಡಂ ಮೊಬೈಲಿನಲ್ಲಿ ಹಿಡಿದಿಟ್ಟಿದ್ದರು. ಮೊನ್ನೆ ಮನೆಗೆ ಬಂದಾಗ ಕೇಳಿಸಿದರು.

"ಕೊನೆ ಹೇಳ್ಬಾರ್ದು ಅಂತೀರಿ, ಆದ್ರೂ ಹೇಳ್ತೀನ್ರೀ" ಅಂತಾಳೆ. "ಬೆಳಗಿನ ಬಸ್ಸಿಗೆ ಅಪ್ಪ ಬರ್ತಾನೆ. ಬೀಗರ ಮನ್ಯಾಗೆ ಕೂರಲ್ಲ, ಒಂದು ಲೋಟ ನೀರೂ ಕುಡಿಯಲ್ಲ. 'ಮಗೂನ ನೀನು ಎತ್ಕ, ಚೀಲ ನಾನು ತಗಂತೀನಿ, ನಡಿ' ಅಂತಾನೆ. ಅಷ್ಟೇರೀ. ಅದಕ್ಕೇ ಈ ಕಾದಂಬರಿ ನನಗೆ ಭಾಳ ಸೇರ್ತು." ಆಮೇಲೆ ನೀವೆಲ್ಲ ಚಪ್ಪಾಳೆ ತಟ್ಟಿದ್ದೀರಿ. ಅದೂ ಕೇಳಿಸುತ್ತದೆ.

ಸಭಿಕರೇ, ಆ ಅಪ್ಪ ಪುಸ್ತಕದಲ್ಲಿ ಬರುವುದಿಲ್ಲ!

ಹಾಳೆ ಹರಿದಿದೆಯೇ ಅಂತ ನೋಡಿದೆ, ಹರಿದಿಲ್ಲ. ಹಿಂದೆ ಮುಂದೆ ತಿರುವಿ ಮತ್ತೆ ಓದಿದೆ. ಆ ಹುಡುಗಿ ಬಾಗಿಲಲ್ಲಿ ಕೂತು ದಾರಿ ನೋಡುತ್ತಾಳೆ, ಬಸ್ಸು ಬರುತ್ತದೆ, ಯಾರೂ ಇಳಿಯುವುದಿಲ್ಲ, ಬಸ್ಸು ಹೋಗುತ್ತದೆ. ಪುಸ್ತಕ ಅಲ್ಲಿಗೇ ಮುಗಿಯುತ್ತದೆ. ಹಾಗಾದರೆ ವನಜಾಕ್ಷಿ ಓದಿದ್ದು ಎಲ್ಲಿ? ಓದು ಬಾರದವಳೇ ಅವಳು? ಮೇಡಂ, ಟೀಚರಾಗಿದ್ದವರು ನೀವು, ನಿಮಗೂ ಅನುಮಾನ ಬರಲಿಲ್ಲವೇ? ಇಷ್ಟು ಜನ ಕೂತಿದ್ದಿರಿ, ಒಬ್ಬರಾದರೂ...

ತಪ್ಪಾಯಿತು, ನಿಮ್ಮ ಮೇಲೆ ಯಾಕೆ ಕೂಗಾಡಲಿ? ನೀವು ಕೇಳಿಸಿಕೊಂಡಿರಿ, ಚಪ್ಪಾಳೆಯನ್ನಾದರೂ ತಟ್ಟಿದಿರಿ. ನನಗೆ ಅವಳು ಫೋನು ಮಾಡಿದ್ದಳು. "ಅಪ್ಪಾಜಿ, ಬಂದು ಕರ್ಕಂಡು ಹೋಗು" ಅಂದಳು. "ಗಿರಣಿ ಓಡ್ತಾ ಐತೆ, ಏನೂ ಕೇಳ್ತಿಲ್ಲ, ಆಮ್ಯಾಲೆ ಮಾಡು" ಅಂದು ಇಟ್ಟೆ. ಅವತ್ತು ಕರೆಂಟೇ ಇರಲಿಲ್ಲ. ಗಿರಣಿ ನಿಂತಿತ್ತು.

ಬೈಲಪ್ಪನವರೇ, ನೀರಿನ ಲೋಟ ನನ್ನ ಕಡೆ ಸರಿಸುತ್ತಿದ್ದೀರಿ. ಬೇಡ. ನಿಮ್ಮ ಮನೆಯ ನೀರು ನನಗೆ ಬೇಡ. ಇವತ್ತು ಎಲೆ ಅಡಿಕೆ ಬದಲಾಯಿಸುವುದಿಲ್ಲ, ಯಾವತ್ತೂ ಇಲ್ಲ. ಕೈ ಸನ್ನೆ ಮಾಡಬೇಡಿ, ಕೂತುಕೊಳ್ಳಿ. ಸಭೆಯ ಮುಂದೆ ಹೇಳುತ್ತಿದ್ದೇನೆ, ಇಷ್ಟು ಜನ ಕೇಳಿಸಿಕೊಂಡಿದ್ದಾರೆ.

ಬಳಗದ ಪುಸ್ತಕ ಇಗೋ, ಮೇಜಿನ ಮೇಲೆ ಇಟ್ಟಿದ್ದೇನೆ. ಮುಂದಿನವರು ಓದಿ. ನನ್ನ ಮಗಳಿಗೆ ಈ ಶಾಲು ಹೊದಿಸಿದ್ದಕ್ಕೆ ನಿಮಗೆಲ್ಲರಿಗೂ ಧನ್ಯವಾದಗಳು. ಊಟಕ್ಕೆ ನಿಲ್ಲುವುದಿಲ್ಲ, ತಪ್ಪು ತಿಳಿಯಬೇಡಿ. ಸವಳಂಗದ ಬಸ್ಸಿಗೆ ಹೊತ್ತಾಯಿತು.

ಸುನೀತಾ, ಏಳವ್ವ. ಮಗೂನ ನೀನು ಎತ್ಕ. ಚೀಲ ನಾನು ತಗಂತೀನಿ. ನಡಿ.

ನಮಸ್ಕಾರ.