ಏರಿಯ ಮೇಲೆ ಆಡಬಾರದ ಮಾತು

ಹತ್ತಿರ ಬನ್ರಪ್ಪ, ಹತ್ತಿರ ಬನ್ನಿ. ದೂರ ಕೂತವರಿಗೆ ಅರ್ಧ ಕಥೆನೇ ಸಿಗೋದು, ಆಮೇಲೆ ನನ್ನ ಬೈಬೇಡಿ. ಹೂಂಗುಡೋಕೆ ಒಬ್ಬರು ಬೇಕು. ನೀನೇ ಹೂಂಗುಡು ತಾಯಿ, ನಿನ್ನ ಗಂಟಲು ಗಟ್ಟಿ ಅಂತ ನಿನ್ನ ಗಂಡನೇ ಹೇಳ್ತಾನೆ.

ನಮ್ಮ ತಾತನ ತಾತ ಇನ್ನೂ ತೊಟ್ಟಿಲಲ್ಲಿ ಮಲಗಿದ್ದ ಕಾಲ. ಯಾವುದೋ ಒಂದು ನಾಡು, ಅಲ್ಲೊಬ್ಬ ರಾಜ. ಕೆರೆ ಕಟ್ಟಿಸೋಕೆ ಹೊರಟ. ಕೆರೆ ಅಂದಮೇಲೆ ಏರಿ ಬೇಕು, ಏರಿಗೆ ನೀರು ಬಿಡೋ ತೂಬು ಬೇಕು. ತೂಬು ಇಂಥಲ್ಲೇ ಇರಲಿ ಅಂತ ರಾಜ ತಾನೇ ಬಂದು, ಬೆತ್ತದ ತುದಿಯಲ್ಲಿ ಗೆರೆ ಎಳೆದು ಹೋದ.

ಕೆಲಸ ನೋಡಿಕೊಳ್ಳೋಕೆ ಅರಮನೆಯಿಂದ ಬಂದ ಪಾರುಪತ್ತೇಗಾರ ಶೇಷಪ್ಪಯ್ಯ. ಏರಿಯ ತುದೀಲಿ ಚಪ್ಪರ ಹಾಕಿಸಿಕೊಂಡ. ಊಟ ಅಲ್ಲೇ, ನಿದ್ದೆ ಅಲ್ಲೇ, ಅಪ್ಪಣೆ ಅಲ್ಲಿಂದಲೇ. ಕಟ್ಟೋ ಗುತ್ತಿಗೆ ಹಿಡಿದವನು ಓಬಯ್ಯ ಮೇಸ್ತ್ರಿ. ಅವನ ಹಿಂದೆ ನೂರು ಗುದ್ದಲಿ, ನೂರು ಮಂಕರಿ. ಮಣ್ಣು ಮೂಸಿದರೆ ಸಾಕು, ಅದರ ಜಾತಕ ಹೇಳ್ತಿದ್ದ. ಮೊದಲೇ ಹೇಳಿಬಿಡ್ತೀನಿ, ಶೇಷಪ್ಪಯ್ಯ ದಡ್ಡನಲ್ಲ, ಓಬಯ್ಯ ಕಳ್ಳನಲ್ಲ. ಜಗಳ ಆಡೋಕೆ ಕೆಟ್ಟವರೇ ಆಗಬೇಕಾ? ನನ್ನ ನೋಡಿ, ನಾನೆಷ್ಟು ಒಳ್ಳೆಯವನು, ಎಷ್ಟು ಜಗಳ ಆಡ್ತೀನಿ!

ಆ ನಾಡಲ್ಲಿ ಒಂದು ಕಟ್ಟಳೆ ಇತ್ತು, ಕೇಳಿ. ಗುದ್ದಲಿ ಪೂಜೆ ಆದ ದಿನದಿಂದ ಕೆಲಸ ಮುಗಿಯೋವರೆಗೆ ಏರಿ ಮೇಲೆ ನಿಂತವರ ಬಾಯಲ್ಲಿ 'ಆಗಲ್ಲ' ಅನ್ನೋ ಮಾತು ಬರಕೂಡದು. ಬಂದರೆ ಏರಿ ನಿಲ್ಲೋದಿಲ್ಲವಂತೆ. ಅಪ್ಪಣೆ ಕೊಡೋನಿಗೆ ಹಬ್ಬ! "ಇದು ಆಗುತ್ತೇನಯ್ಯಾ?" "ಆಗುತ್ತೆ ಬುದ್ಧಿ." "ಅದು ಆಗುತ್ತಾ?" "ಆಗುತ್ತೆ ಬುದ್ಧಿ." "ನಾಳೆಗೇ?" "ನಾಳೆಗೇ ಬುದ್ಧಿ." ಹೀಗೆ ಸಾಗಿತ್ತು.

ರಾಜ ಗೆರೆ ಎಳೆದ ಕಡೆ ಏರಿಯಲ್ಲಿ ಜಾಗ ಬಿಟ್ಟು ತೂಬಿಗೆ ಗುಂಡಿ ತೋಡಿದರು. ಒಂದಾಳು ಆಳ, ಗಟ್ಟಿ. ಎರಡಾಳು ಆಳ, ಗಟ್ಟಿ. ಮೂರನೇ ಆಳಿಗೆ ಗುದ್ದಲಿ ಪಚಕ್ ಅಂತು. ಒರತೆ! ಓಬಯ್ಯ ಮಣ್ಣು ಹಿಡಿದು ಹಿಂಡಿ ನೋಡಿದ. ಒರತೆ ಮೇಲೆ ತೂಬು ಕೂರಿಸಿದರೆ ಮೊದಲ ಮಳೆಗೇ ಕಲ್ಲು ಕುಸಿಯುತ್ತೆ, ಏರಿ ಒಡೆಯುತ್ತೆ. ಒಡೆದ ನೀರು ಎಲ್ಲಿಗೆ ಹೋಗುತ್ತೆ? ಏರಿ ಕೆಳಗೆ ಮೂವತ್ತು ಗುಡಿಸಲಿನ ಹಟ್ಟಿ. ಅದರಲ್ಲೊಂದು ಓಬಯ್ಯನ ಮಗಳು ತಿಪ್ಪಕ್ಕನದು. ತಿಪ್ಪಕ್ಕ ತುಂಬು ಬಸುರಿ.

ತೂಬನ್ನ ಇಪ್ಪತ್ತು ಹೆಜ್ಜೆ ಆಚೆ, ಬಂಡೆ ಇರೋ ಕಡೆ ಸರಿಸಿದರೆ ಎಲ್ಲರೂ ಬದುಕ್ತಾರೆ. ಹೇಳೋದು ಹೇಗೆ? ಓಬಯ್ಯ ಯೋಚನೆ ಮಾಡಿದ. ಒರತೆಯ ಕದಡು ನೀರು ಒಂದು ಮಡಕೆ ತುಂಬಿ, ತಳವಾರನ ಕೈಲಿ ಚಪ್ಪರಕ್ಕೆ ಕಳಿಸಿದ.

ಶೇಷಪ್ಪಯ್ಯ ನೋಡಿದ. "ಪಾಪ, ಆಳುಗಳಿಗೆ ಕುಡಿಯೋ ನೀರಿಲ್ಲ ಅಂತ ತೋರಿಸ್ತಿದಾನೆ." ಹತ್ತು ಕೊಡ ತಿಳಿನೀರು ಕಳಿಸಿದ.

ಓಬಯ್ಯ ತಲೆ ಚಚ್ಚಿಕೊಂಡ. ಗುಂಡಿಯ ಹಸಿ ಮಣ್ಣು ಒಂದು ಉಂಡೆ ಮಾಡಿ ಕಳಿಸಿದ.

"ಆಹಾ, ಎಂಥಾ ಹದ! ಬೇಗ ಕಲ್ಲು ಕಳಿಸಿ ಅಂತಿದಾನೆ." ಹತ್ತು ಗಾಡಿ ಕಲ್ಲು ಕಳಿಸಿದ.

ಓಬಯ್ಯ ಮೂರನೇ ಸಲ ಕಳಿಸಿದ. ಏನು? ಗುಂಡಿ ತಳದಲ್ಲಿ ಸಿಕ್ಕ ಜೀವಂತ ಕಪ್ಪೆ! ಬುಟ್ಟಿ ತೆಗೆದರೆ ಕಪ್ಪೆ ಟಣ್ಣನೆ ನೆಗೆದು ಶೇಷಪ್ಪಯ್ಯನ ಪೇಟದ ಮೇಲೆ ಕೂತಿತು.

"ನನ್ನನ್ನ ಕಪ್ಪೆ ಅಂದನಾ? ಕೂತಲ್ಲೇ ವಟಗುಟ್ಟೋನು ಅಂದನಾ? ಸೋಮವಾರದೊಳಗೆ ಕಲ್ಲು ಕೂರಬೇಕು. ಇಲ್ಲಾಂದ್ರೆ ಬೇರೆ ಮೇಸ್ತ್ರಿ ಬರ್ತಾನೆ!"

ಅಪ್ಪಣೆ ಕೇಳಿ ಓಬಯ್ಯನೂ ಉರಿದುಬಿದ್ದ. "ಮೂರು ಸಲ ತಿಳಿಸಿದೆ. ಒಡೆಯೋದು ಗೊತ್ತಿದ್ದೂ ಕಟ್ಟಿಸ್ತಿದಾನೆ ಪುಣ್ಯಾತ್ಮ." ನೂರು ಗುದ್ದಲಿ ನೆಲಕ್ಕೆ ಬಿದ್ದವು.

ತಪ್ಪು ಯಾರದು ಅಂತೀರಿ? ನೀವು ಜಗಳ ಆಡಬೇಡಿ, ಕಥೆ ಕೇಳಿ.

ಅಪ್ಪನಿಗೆ ಮುದ್ದೆ ತಂದ ತಿಪ್ಪಕ್ಕ ಸುಮ್ಮನೆ ಕೂತ ಆಳುಗಳನ್ನ ಕಂಡಳು. ಓಬಯ್ಯ ಗುಂಡಿ ಒಳಗಿದ್ದ. ನಡೆದದ್ದೆಲ್ಲ ಹೇಳಿದ.

"ಬಾಯಿಬಿಟ್ಟು ಹೇಳಬಾರದಾ ಅಪ್ಪಾ?"

"ಏರಿ ಮೇಲೆ ಆ ಮಾತು ಆಡೋ ಹಾಗಿಲ್ಲ ಕಣವ್ವಾ."

"ಈಗ ನೀನು ನಿಂತಿರೋದು ಗುಂಡೀಲಿ. ಗುಂಡಿ ಇನ್ನೂ ಏರಿ ಆಗಿಲ್ಲ."

ಓಬಯ್ಯ ಕಣ್ಣುಕಣ್ಣು ಬಿಟ್ಟ. "ಪಾರುಪತ್ತೇಗಾರರಂಥವರು ಗುಂಡಿಗೆ ಇಳೀತಾರಾ?"

"ನೀನು ಕರೆದಿದ್ದೀಯಾ?"

ಕರೆದಿರಲಿಲ್ಲ. ಅವನು ಕರೀಲಿಲ್ಲ, ಇವನು ಇಳೀಲಿಲ್ಲ, ಇಷ್ಟೇ ಆಗಿದ್ದು.

ತಿಪ್ಪಕ್ಕ ಸೊಂಟದ ಮೇಲೆ ಕೈಯಿಟ್ಟು ಏರಿ ಹತ್ತಿ ಶೇಷಪ್ಪಯ್ಯನ ಚಪ್ಪರದ ಮುಂದೆ ನಿಂತಳು. "ಬುದ್ಧಿ, ಒಂದು ಸಲ ಗುಂಡಿಗೆ ಇಳೀಬೇಕು."

"ನಾನಾ? ಕೆಸರಿಗಾ?"

"ಒಂಬತ್ತು ತಿಂಗಳ ಹೊಟ್ಟೆ ಹೊತ್ತು ನಾನು ಹತ್ತಿದೆ. ಇಳಿಯೋದು ಅದಕ್ಕಿಂತ ಕಷ್ಟವಾ ಬುದ್ಧಿ?"

ಶೇಷಪ್ಪಯ್ಯನಿಗೆ ನಾಚಿಕೆ ಆಯಿತು. ಜೋಡು ಬಿಟ್ಟ, ಇಳಿದ. ಒಂದು ಹೆಜ್ಜೆಗೆ ಪಾದ ಹೂತಿತು. ಎರಡಕ್ಕೆ ಮೀನಖಂಡ. ಮೂರಕ್ಕೆ ಮೊಣಕಾಲು. ಒರತೆಯ ನೀರು ತಣ್ಣಗೆ ಸುತ್ತಿಕೊಂಡಿತು.

"ಓಬಯ್ಯ, ಇಲ್ಲಿ ತೂಬು..."

"ಆಗಲ್ಲ ಬುದ್ಧಿ." ಎಷ್ಟೋ ದಿನದಿಂದ ಗಂಟಲಲ್ಲಿ ಸಿಕ್ಕಿಕೊಂಡಿದ್ದ ಮಾತು! ಅಂದದ್ದೇ ಹಿತವಾಯಿತು. "ಆಗಲ್ಲ, ಆಗಲ್ಲ!" ಅಂತ ಮತ್ತೆ ಅಂದ.

"ಹಾಗಾದರೆ ಆ ಕಪ್ಪೆ?"

"ಇಲ್ಲೇ ಸಿಕ್ಕಿದ್ದು ಬುದ್ಧಿ. ಕೆಳಗೆ ನೀರಿದೆ ಅನ್ನೋಕೆ ಕಳಿಸಿದೆ."

ಶೇಷಪ್ಪಯ್ಯ ಹಣೆ ಬಡಿದುಕೊಂಡ. ಕೈ ಕೆಸರು ಹಣೆಗೂ ಅಂಟಿತು. "ನಾನೂ ಒಂದು ಹೇಳಲಿಲ್ಲ ಕಣಯ್ಯಾ. ಮಂಗಳವಾರ ರಾಜರು ಬರ್ತಾರೆ. ಅದಕ್ಕೇ ಸೋಮವಾರ ಅಂದೆ."

"ಮೊದಲೇ ಅಂದಿದ್ದರೆ ರಾತ್ರಿಹಗಲು ದುಡೀತಿದ್ದೆನಲ್ಲ ಬುದ್ಧಿ!"

ಇಬ್ಬರೂ ಕೆಸರಲ್ಲಿ ನಿಂತೇ ಬಂಡೆ ಕಡೆ ಕೈ ತೋರಿಸಿ ಮಾತಾಡಿದರು, ಕೇಳಿದರು, ಒಬ್ಬನ ಮಾತು ಇನ್ನೊಬ್ಬ ತಿರುಗಿ ಹೇಳಿ ಖಾತ್ರಿ ಮಾಡಿಕೊಂಡರು. ಸೋಮವಾರ ಬಂಡೆ ಮೇಲೆ ಮೊದಲ ಸಾಲು ಕಲ್ಲು ಕೂತಿತು.

ಮಂಗಳವಾರ ರಾಜ ಬಂದ. ಏರಿ ಮೇಲೆ ನಿಂತು ಹುಬ್ಬು ಗಂಟಿಕ್ಕಿದ. "ನನ್ನ ಗೆರೆ ಇಲ್ಲಿ. ತೂಬು ಅಲ್ಲಿ. ಯಾರ ಕೆಲಸ ಇದು?"

ಓಬಯ್ಯ ಹೆಗಲ ಮೇಲಿನ ವಲ್ಲಿ ತೆಗೆದು ಕಂಕುಳಿಗೆ ಸಿಕ್ಕಿಸಿಕೊಂಡು ಮುಂದೆ ಬಂದ. ಶೇಷಪ್ಪಯ್ಯ ಅವನಿಗೆ ಕೈ ಅಡ್ಡ ಹಿಡಿದ.

"ನನ್ನದು ಮಹಾಪ್ರಭು. ತಾವು ಗೆರೆ ಎಳೆದಲ್ಲಿ ಆಗಲ್ಲ."

ಏರಿ ಮೇಲೆ! ನೂರು ಜನ ನಾಲಿಗೆ ಕಚ್ಚಿಕೊಂಡರು. ಶೇಷಪ್ಪಯ್ಯ ಗುಂಡಿ ಕಡೆ ಕೈ ತೋರಿಸಿದ. "ಯಾಕೆ ಅಂತ ನೋಡಬೇಕಾದರೆ ಕೆಳಗೆ ಇಳೀಬೇಕು ಪ್ರಭು."

ರಾಜ ಅವನನ್ನ ನೋಡಿದ, ಗುಂಡಿ ನೋಡಿದ, ಕೆಳಗಿನ ಹಟ್ಟಿಯ ಹೊಗೆ ನೋಡಿದ. ಆಮೇಲೆ ಬಗ್ಗಿ ಪಾದರಕ್ಷೆ ಬಿಚ್ಚಿದ.

"ಕೆಸರು ಎಷ್ಟು ಆಳ ಇದೆಯಪ್ಪಾ ಮೇಸ್ತ್ರಿ?"

"ಮೊಣಕಾಲಿನವರೆಗೆ ಪ್ರಭು. ಜಾರುತ್ತೆ, ನನ್ನ ಕೈ ಹಿಡೀರಿ."

ಆ ವರ್ಷ ಮಳೆ ಸುರಿದದ್ದು ಸುರಿದದ್ದೇ. ಕೆರೆ ಕೋಡಿ ಬಿತ್ತು. ಹಟ್ಟಿಯಲ್ಲಿ ತಿಪ್ಪಕ್ಕನ ಮಗು ಬೆಚ್ಚಗೆ ಮಲಗಿತ್ತು. ಆಡಬಾರದ ಮಾತು ಆಡಿಸಿಕೊಂಡ ಏರಿ ಒಂದು ಹಿಡಿ ಮಣ್ಣೂ ಕಳೆದುಕೊಳ್ಳದೆ ನಿಂತಿತ್ತು.

ನನ್ನ ತಲೆಮೇಲಿನ ಕಥೆ ಇಳಿಸಿದೆ, ಇನ್ನು ಹೊರೋರು ನೀವು. ಏಳಿ, ಮನೆಗೆ ನಡೀರಿ.